ಸಮತಟ್ಟಾದ ನಗರದಲ್ಲಿ ಇಪ್ಪತ್ತೆರಡು ಸೈಕಲ್ಲುಗಳು

ಈ ನಗರವು ಸಮತಟ್ಟಾಗಿದೆ. ಹಾಗೆಂದು ನಗರಸಭೆಯು ವಿಶೇಷ ಸಭೆ ಕರೆದು ಸರ್ವಾನುಮತದಿಂದ ಠರಾವು ಮಾಡಿ ಇದೇ ತಿಂಗಳಿಗೆ ನಾಲ್ಕು ವರ್ಷ ತುಂಬುತ್ತದೆ. ಸಭೆ ನಡೆದದ್ದು ಗುಡ್ಡದ ನೆತ್ತಿಯ ಮೇಲಿರುವ ನಗರಸಭಾ ಭವನದಲ್ಲಿ. ಇಬ್ಬರು ಸದಸ್ಯರು ದಾರಿಯಲ್ಲಿ ಮೂರು ಕಡೆ ಕೂತು ದಣಿವಾರಿಸಿಕೊಂಡು ಬಂದಿದ್ದರಿಂದ ತಡವಾಗಿ ತಲುಪಿದರು. ಮಾತಾಡುವಷ್ಟು ಉಸಿರು ಅವರಲ್ಲಿ ಉಳಿದಿರಲಿಲ್ಲವಾಗಿ ಕೈ ಎತ್ತಿ ಒಪ್ಪಿಗೆ ಕೊಟ್ಟರು. ನಡವಳಿ ಪುಸ್ತಕದಲ್ಲಿ ಅದು ‘ಮಾತಿಗೆ ಮೀರಿದ ಬೆಂಬಲ’ ಎಂದು ದಾಖಲಾಗಿದೆ.

ಠರಾವಿಗೆ ಕಾರಣವಿತ್ತು. ಹಂಚಿಕೆ ಸೈಕಲ್ ಯೋಜನೆಯನ್ನು ಸಮತಟ್ಟಾದ ನಗರಗಳಿಗೆ ಮಾತ್ರ ಕೊಡುವುದೆಂದು ಮೇಲಿನವರು ಷರತ್ತು ಹಾಕಿದ್ದರು. ಯಾರು ಬೇಕಾದರೂ ಕಾರ್ಡು ತೋರಿಸಿ ಬೀಗ ತೆಗೆದು, ಸೈಕಲ್ಲು ಓಡಿಸಿಕೊಂಡು ಹೋಗಿ, ಇನ್ನೊಂದು ನಿಲ್ದಾಣದಲ್ಲಿ ಬೀಗ ಹಾಕಿ ಬಿಟ್ಟುಬಿಡುವ ಯೋಜನೆ ಅದು. ಇಂಥದ್ದು ಬಾಗಿಲಿಗೆ ಬಂದಾಗ ಬೇಡವೆನ್ನುವುದುಂಟೆ? ನೆರೆಯ ಊರಿನವರು ಬೇರೊಂದು ಯೋಜನೆಗಾಗಿ ತಮ್ಮಲ್ಲಿ ಸಮುದ್ರವಿದೆಯೆಂದು ಠರಾವು ಮಾಡಿಕೊಂಡು ಈಗ ದೀಪಸ್ತಂಭ ಕಟ್ಟಿಸುತ್ತಿದ್ದಾರೆ. ಅದರ ಮುಂದೆ ಇದು ಸಣ್ಣ ಮಾತು.

ಸೈಕಲ್ಲುಗಳು ಬಂದವು. ಇಪ್ಪತ್ತೆರಡನ್ನು ಆಸ್ಪತ್ರೆ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿದರು. ಆಸ್ಪತ್ರೆ ಇರುವುದು ಮೇಲೆ, ಮಾರುಕಟ್ಟೆ ಕೆಳಗೆ. ನಡುವೆ ಒಂದು ರಸ್ತೆ. ಸಮತಟ್ಟಾದ ರಸ್ತೆಗೆ ಏಳು ಹಾವುತಿರುವುಗಳೇಕೆ ಎಂದು ಇಲ್ಲಿಯವರೆಗೆ ಯಾರೂ ಬರವಣಿಗೆಯಲ್ಲಿ ಕೇಳಿಲ್ಲ. ಬೆಳಿಗ್ಗೆ ಒಂಬತ್ತು ಹೊಡೆಯುವುದರೊಳಗೆ ಇಪ್ಪತ್ತೆರಡೂ ಸೈಕಲ್ಲು ಜನರನ್ನು ಹೊತ್ತು ಮಾರುಕಟ್ಟೆ ನಿಲ್ದಾಣ ಸೇರುತ್ತಿದ್ದವು. ಪೆಡಲ್ ತುಳಿಯುವ ಗೋಜಿಲ್ಲ, ಸೆರಗು ಸಿಕ್ಕಿಸಿಕೊಂಡು ಬ್ರೇಕು ಹಿಡಿದರೆ ಮುಗಿಯಿತು. ಆದರೆ ಹೋದದ್ದು ಹೋದದ್ದೇ. ಕೊಟ್ಟ ಮಗಳಾದರೂ ವರ್ಷಕ್ಕೊಮ್ಮೆ ತವರಿಗೆ ಬರುತ್ತಾಳೆ, ಈ ಸೈಕಲ್ಲುಗಳು ಮೇಲೆ ಬಂದದ್ದಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಒಂದು ತೆರೆದ ಲಾರಿ ಅವನ್ನು ಎರಡು ಸಾಲು ಮಾಡಿ, ಹಗ್ಗ ಬಿಗಿದು, ಮೇಲಕ್ಕೆ ತಂದು ನಿಲ್ಲಿಸುತ್ತಿತ್ತು. ಊರಿಗೆಲ್ಲ ಲಾರಿ ಮಾವನೆಂದೇ ಪರಿಚಿತನಾದ ಅದರ ಡ್ರೈವರು ತನ್ನ ಪುಸ್ತಕದಲ್ಲಿ ತಪ್ಪದೆ ಬರೆಯುತ್ತಿದ್ದ: ‘ಸಮತಟ್ಟಿನಿಂದ ಸಮತಟ್ಟಿಗೆ. ಮೊದಲನೇ ಗೇರು.’

ಇದನ್ನೆಲ್ಲ ಎಣಿಸಲು ಒಬ್ಬಳಿದ್ದಳು. ಅವಳನ್ನು ಎಲ್ಲರೂ ಎಣಿಕೆಯಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ನಗರಸಭೆಯಲ್ಲಿ ತಾತ್ಕಾಲಿಕ ಕೆಲಸ. ಮೊದಲು ಬೀದಿದೀಪ ಎಣಿಸಿದಳು, ಆಮೇಲೆ ಬೀದಿನಾಯಿ, ಆಮೇಲೆ ಎರಡನ್ನೂ ಒಟ್ಟಿಗೆ. ಈಗ ಸೈಕಲ್ಲು. ಸೈಕಲ್ಲುಗಳನ್ನು ಕಂಪ್ಯೂಟರೂ ಎಣಿಸುತ್ತಿತ್ತು. ಕಂಪ್ಯೂಟರು ಎಣಿಸಿದ್ದು ಸರಿಯೇ ಎಂದು ನೋಡಲು ಅವಳು ಎಣಿಸಬೇಕು. ಎರಡೂ ತಾಳೆಯಾಗಿಬಿಟ್ಟರೆ ಅದು ಸಂಶಯಕ್ಕೆಡೆಯಾಗುವುದರಿಂದ ಮತ್ತೊಮ್ಮೆ ಎಣಿಸಬೇಕೆಂದು ನಿಯಮವಿತ್ತು. ಕೈಯಲ್ಲಿ ಒತ್ತಿದರೆ ‘ಟಿಕ್’ ಎನ್ನುವ ಸಣ್ಣ ಯಂತ್ರ ಹಿಡಿದು, ಮೂರು ಕಾಲಿನ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಅವಳು ಕೂರುವ ರೀತಿ ನೋಡಿದವರು ಇವಳು ಖಾಯಂ ನೌಕರಿಯವಳೇ ಎಂದುಕೊಳ್ಳುತ್ತಿದ್ದರು. ಅವಳಿಗೆ ಬೇಕಾಗಿದ್ದುದೂ ಅಷ್ಟೇ, ಖಾಯಂ ಆಗುವುದು. ತಾತ್ಕಾಲಿಕ ನೌಕರರಿಗೆ ಕಾಯಿಲೆ ಬೀಳುವ ಹಕ್ಕಿರಲಿಲ್ಲ. ಹನ್ನೊಂದು ವರ್ಷ ಅವಳು ಜ್ವರವನ್ನೆಲ್ಲ ಭಾನುವಾರಕ್ಕೆ ಮುಂದೂಡಿಕೊಂಡು ಬಂದಿದ್ದಳು.

ಹೀಗಿರುವಾಗ ಸುತ್ತೋಲೆಯೊಂದು ಬಂತು.

‘ವಿಷಯ: ನಗರದ ಸುತ್ತಮುತ್ತಲಿನ ಪರಿಸರವು ಹಂಚಿಕೆ ಸೈಕಲ್ ಬಳಕೆಯ ಮೇಲೆ ಬೀರುತ್ತಿರುವ, ಬೀರಬಹುದಾದ ಹಾಗೂ ಬೀರಕೂಡದ ಪ್ರಭಾವಗಳ ಅಧ್ಯಯನ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ಆಸ್ಪತ್ರೆ ನಿಲ್ದಾಣದಿಂದ ಹೊರಟ ಸೈಕಲ್ಲುಗಳು ಸದರಿ ನಿಲ್ದಾಣಕ್ಕೆ ಮರಳಲು ಆಸಕ್ತಿ ತೋರದಿರುವುದು ಗಮನಕ್ಕೆ ಬಂದಿರುತ್ತದೆ. ಇದಕ್ಕೆ ಕಾರಣವಾದ ಪರಿಸರವನ್ನು ಪತ್ತೆಹಚ್ಚಿ ಸರಿಪಡಿಸತಕ್ಕದ್ದು. ಇಂದಿನಿಂದ ತೊಂಬತ್ತನೆಯ ದಿನ, ಹೋದಷ್ಟೇ ಸೈಕಲ್ಲುಗಳು ಸವಾರರ ಸಮೇತ ಹಿಂದಿರುಗಿದಲ್ಲಿ, ಸದರಿ ನಿಲ್ದಾಣಕ್ಕೆ ಅಂಟಿಕೊಂಡಿರುವ ತಾತ್ಕಾಲಿಕ ಹುದ್ದೆಗಳನ್ನು ಖಾಯಂಗೊಳಿಸಲಾಗುವುದು. ಒಂದು ಕಡಿಮೆಯಾದರೂ ನಿಲ್ದಾಣವನ್ನು ಹುದ್ದೆಗಳ ಸಮೇತ ಮುಚ್ಚಲಾಗುವುದು.’

ಸದರಿ ನಿಲ್ದಾಣಕ್ಕೆ ಅಂಟಿಕೊಂಡಿದ್ದ ತಾತ್ಕಾಲಿಕ ಹುದ್ದೆ ಒಂದೇ. ಅದು ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಸುತ್ತೋಲೆಯನ್ನು ಎರಡು ಸಲ ಓದಿತು.

ಸುತ್ತೋಲೆಯ ಜೊತೆಗೆ ಒಂದು ನಮೂನೆ ಇತ್ತು, ಇಪ್ಪತ್ತಾರು ಅಂಕಣದ್ದು. ನೆರಳು, ಬೆಂಚು, ಅಂಗಡಿ, ವಾಸನೆ, ಗೋಡೆಯ ಬಣ್ಣ, ನಾಯಿ (ಮಲಗಿರುವ), ನಾಯಿ (ಎದ್ದಿರುವ), ಸುಮ್ಮನೆ ನಿಂತು ನೋಡುವ ಜನ. ಎಣಿಕೆಯಕ್ಕ ಇಪ್ಪತ್ತೈದನ್ನೂ ಖಾಲಿ ಬಿಟ್ಟು, ಕೊನೆಯ ‘ಇತರೆ’ ಎಂಬಲ್ಲಿ ಒಂದೇ ಒಂದು ಮಾತು ಬರೆದಳು: ‘ಏರು.’

ಮರುದಿನ ಹನ್ನೊಂದಕ್ಕೆ ಸೈಕಲ್ ಘಟಕದ ಸಾಹೇಬರು ಅವಳನ್ನು ಕರೆಸಿದರು. ಸಾಹೇಬರು ಒಳ್ಳೆಯವರು. ಯಾರನ್ನೂ ಗದರಿದವರಲ್ಲ. ಗದರುವ ಸಂದರ್ಭ ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವಳು ಒಳಗೆ ಹೋದಾಗ ಒರೆಸುತ್ತಿದ್ದರು. ಪಕ್ಕದಲ್ಲಿ ನಕಾಶೆ ಎಂಜಿನಿಯರು, ಮೇಜಿನ ತುಂಬ ನಗರದ ನಕಾಶೆ ಹರಡಿಕೊಂಡು ಕೂತಿದ್ದರು.

“ಏನಮ್ಮಾ ಇದು?” ಸಾಹೇಬರು ನಮೂನೆ ಮುಂದೆ ತಳ್ಳಿದರು.

“ಏರು ಸಾರ್.”

“ಎಲ್ಲಿ?”

“ರಸ್ತೆಯಲ್ಲಿ. ಮಾರುಕಟ್ಟೆಯಿಂದ ಶುರುವಾದ್ರೆ ಆಸ್ಪತ್ರೆ ಗೇಟಿನವರೆಗೂ. ಈಗ ನಾನು ಕೆಳಗಿನ ನಿಲ್ದಾಣದಲ್ಲಿ ಎಣಿಸಿ ಹತ್ತಿಕೊಂಡೇ ಬಂದೆ.”

“ಹತ್ತಿಕೊಂಡು ಬಂದ್ರಾ, ನಡೆದುಕೊಂಡು ಬಂದ್ರಾ? ಸರಿಯಾಗಿ ಯೋಚನೆ ಮಾಡಿ ಹೇಳಿ.”

ಎಂಜಿನಿಯರಿಗೆ ಅಷ್ಟು ತಾಳ್ಮೆ ಇರಲಿಲ್ಲ. “ಬಾಯಿ ಮಾತು ಯಾಕೆ, ನಕಾಶೆನೇ ಇದೆಯಲ್ಲ” ಎಂದು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎತ್ತಿ, ನಕಾಶೆಯಲ್ಲಿ ಆಸ್ಪತ್ರೆ ಇದ್ದ ಜಾಗದಲ್ಲಿ ಇಟ್ಟರು. ಕೈ ಬಿಟ್ಟರು. ಮೂವರೂ ನೋಡಿದರು. ಗುಂಡು ಅಲುಗಲಿಲ್ಲ.

“ಏರಿದ್ದಿದ್ರೆ ಇದು ಉರುಳಿ ಮಾರುಕಟ್ಟೆಗೆ ಹೋಗಬೇಕಿತ್ತು. ಹೋಯ್ತಾ?”

“ಇಲ್ಲ ಸಾರ್.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಜನಕ್ಕೆ ತುಳಿಯೋಕೆ ಸೋಮಾರಿತನ, ಅಷ್ಟೇ.”

ಸಾಹೇಬರು ಕನ್ನಡಕ ಹಾಕಿಕೊಂಡರು. “ನಿಮ್ಮ ಫೈಲು ನನ್ನ ಹತ್ತಿರವೇ ಇದೆಯಮ್ಮಾ. ಹನ್ನೊಂದು ವರ್ಷ ಅಂದ್ರೆ ಸಾಮಾನ್ಯವೇ? ನನಗೂ ನಿಮ್ಮನ್ನ ಖಾಯಂ ಮಾಡೋ ಆಸೆ ಇದೆ. ಆದರೆ ನಗರ ಸಮತಟ್ಟು ಅಂತ ನಾವೇ ಬರೆದುಕೊಟ್ಟು, ಈಗ ನಾವೇ ಏರು ಅಂದ್ರೆ ಹೇಗೆ? ಇಪ್ಪತ್ತೈದು ಅಂಕಣ ಖಾಲಿ ಇದೆಯಲ್ಲ, ಅದರಲ್ಲಿ ಯಾವುದಾದರೂ ಒಂದು ಕಾರಣ ಹುಡುಕಿ.”

ಅವಳು ಇಳಿದು ಹೋದಳು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಮಾರುಕಟ್ಟೆಯ ದಿಕ್ಕಿಗೆ ಹೋದಳು.

ಅಂದು ಸಂಜೆ ಮನೆಯಲ್ಲಿ ಅತ್ತೆಗೆ ಇದನ್ನೆಲ್ಲ ಹೇಳಿದಳು. ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಅಂದರೆ ಮೇಲೆಯೇ. ಗಂಡ ಪಾಳಿ ಕೆಲಸದವನು, ಮನೆಯಲ್ಲಿರುವಾಗಲೂ ನಿದ್ದೆಯಲ್ಲಿರುತ್ತಿದ್ದ. ಮಾತುಕತೆಯೆಲ್ಲ ಅತ್ತೆ ಸೊಸೆಯದೇ. ಅತ್ತೆಗೆ ಅರವತ್ತೆಂಟು. ಮಂಡಿಗಳಲ್ಲಿ ಬಲಗಡೆಯದು ಮಾತ್ರ ಅವರ ಮಾತು ಕೇಳುತ್ತಿತ್ತು.

“ನೆಲವೇ ಡೊಂಕಾಗಿದ್ರೆ ಕುಣಿಯೋಳು ಏನು ಮಾಡಬೇಕಂತೆ? ಅದನ್ನ ಕೇಳಲಿಲ್ವಾ?” ಎಂದರು ಅತ್ತೆ, ಬೀನ್ಸ್ ನಾರು ತೆಗೆಯುತ್ತಾ.

“ಕೇಳಿದ್ರೆ ಮನೆಗೆ ಕಳಿಸ್ತಾರೆ ಅತ್ತೆ.”

“ಕಳಿಸಲಿ. ಮನೆ ಇಲ್ಲೇ ತಾನೇ ಇರೋದು. ಬರುವಾಗ ಏದುಸಿರು ಬಿಡಬೇಡ, ಅಷ್ಟೇ. ಅದೂ ಠರಾವಿಗೆ ವಿರುದ್ಧ ಇರಬೇಕು.”

“ನಿಮಗೆ ತಮಾಷೆ. ಒಂದು ಕಡಿಮೆಯಾದ್ರೂ ನನ್ನ ಕೆಲಸ ಹೋಗುತ್ತೆ.”

ಅತ್ತೆ ಬೀನ್ಸ್ ಕೆಳಗಿಟ್ಟರು. “ಹೋಗಲ್ಲ ಕಣೇ. ಹನ್ನೊಂದು ವರ್ಷ ಎಣಿಸಿದ್ದೀಯ, ಇನ್ನು ತೊಂಬತ್ತು ದಿನ ಎಣಿಸೋಕಾಗಲ್ವಾ?”

ಎಣಿಕೆಯಕ್ಕ ಎರಡನೆಯ ಸಲ ನಮೂನೆ ತುಂಬಿದಳು. ಅವಳು ಸುಳ್ಳು ಬರೆಯಲಿಲ್ಲ. ಮಾರುಕಟ್ಟೆ ನಿಲ್ದಾಣದ ಪಕ್ಕ ಏನೇನಿದೆಯೋ ಅದನ್ನೇ ಬರೆದಳು: ದೊಡ್ಡ ಮರದ ನೆರಳು, ಒಂದು ಬೆಂಚು, ಒಂದು ಬೇಕರಿ, ಬೇಕರಿಯಿಂದ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಬನ್ನಿನ ಪರಿಮಳ, ನಾಯಿ (ಮಲಗಿರುವ) ಎರಡು. ಆಸ್ಪತ್ರೆ ನಿಲ್ದಾಣದ ಪಕ್ಕ: ಆಸ್ಪತ್ರೆ.

ಘಟಕದಲ್ಲಿ ಸಂತೋಷವೋ ಸಂತೋಷ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು. ಸೈಕಲ್ಲುಗಳು ಕೆಳಗೇ ಉಳಿಯುತ್ತಿರುವುದು ಅಲ್ಲಿಯ ಪರಿಸರ ಹಿತವಾಗಿರುವುದರಿಂದ ಎಂದು ಎಂಜಿನಿಯರು ಟಿಪ್ಪಣಿ ಬರೆದರು. ಯಾರಾದರೂ ಒಳ್ಳೆಯ ಜಾಗ ಬಿಟ್ಟು ಬರುತ್ತಾರೆಯೇ? ಮೂರು ದಿನದಲ್ಲಿ ಆದೇಶ ಹೊರಟಿತು. ಬೆಂಚನ್ನು ಕಿತ್ತು ಆಸ್ಪತ್ರೆಯ ಬಳಿ ಹಾಕಲಾಯಿತು. ಮರವನ್ನು ವರ್ಗಾಯಿಸಲು ಬರುವುದಿಲ್ಲವೆಂದು ತೋಟದ ವಿಭಾಗದವರು ಬರೆದುಕೊಟ್ಟರು. ಆದ್ದರಿಂದ ಮರವನ್ನು ಇದ್ದಲ್ಲಿಯೇ ಬಿಟ್ಟು, ‘ಈ ನೆರಳು ಸಾರ್ವಜನಿಕ ಉಪಯೋಗಕ್ಕಲ್ಲ’ ಎಂದು ಫಲಕ ಹಾಕಲಾಯಿತು. ಫಲಕ ನೆಡಲು ಬಂದವರು ಕೆಲಸ ಮುಗಿಸಿ ಅದರ ಕೆಳಗೇ ಊಟಕ್ಕೆ ಕೂತರು, ಬಿಸಿಲು ಹಾಗಿತ್ತು.

ಬೇಕರಿಯವನಿಗೆ ನೋಟೀಸು ಹೋಯಿತು: ‘ತಮ್ಮ ಒಲೆಯಿಂದ ಹೊರಡುವ ಪರಿಮಳವು ಸಾರ್ವಜನಿಕ ಸೈಕಲ್ಲುಗಳನ್ನು ಒಂದೇ ದಿಕ್ಕಿಗೆ ಸೆಳೆಯುತ್ತಿರುವುದು ಕಂಡುಬಂದಿದ್ದು, ಈ ಬಗ್ಗೆ ಏಕೆ ಕ್ರಮ ಕೈಗೊಳ್ಳಬಾರದೆಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡುವುದು.’

ಬೇಕರಿಯವನು ನೋಟೀಸು ಹಿಡಿದುಕೊಂಡು ಎಣಿಕೆಯಕ್ಕನ ಹತ್ತಿರ ಬಂದ. “ಅಕ್ಕಾ, ಮೂವತ್ತು ವರ್ಷದಿಂದ ಬನ್ ಬೇಯಿಸ್ತಿದ್ದೀನಿ. ಒಂದೇ ಒಂದು ಸೈಕಲ್ಲು ಬಂದು ತಿಂದಿದ್ದು ನೋಡಿಲ್ಲ. ಏನಂತ ಬರೀಲಿ?”

“ಹಾಗೇ ಬರೀಬೇಡಪ್ಪ. ತಿಂದು ದುಡ್ಡು ಕೊಡದೆ ಹೋಗಿವೆ ಅಂದ್ಕೊಂಡು ಇನ್ನೊಂದು ವಿಚಾರಣೆ ಹಾಕ್ತಾರೆ.”

“ಮತ್ತೇನು ಮಾಡ್ಲಿ?”

“ಪರಿಮಳನ ನಿಲ್ಲಿಸೋಕಾಗುತ್ತಾ?”

“ನಿಲ್ಲಿಸಿದ್ರೆ ಅದು ಬನ್ ಅಲ್ಲ ಅಕ್ಕಾ, ಇಟ್ಟಿಗೆ.”

ಕೊನೆಗೆ ಸಾಹೇಬರೇ ದಯೆ ತೋರಿದರು. ಬೇಕರಿಯನ್ನು ಮುಚ್ಚಿಸುವ ಬದಲು, ಆಸ್ಪತ್ರೆ ನಿಲ್ದಾಣದ ಎದುರಿಗೆ ಜಾಗ ಕೊಟ್ಟರು. ಪರಿಮಳವು ಮೇಲಿನಿಂದ ಬೀಸಿದರೆ ಸೈಕಲ್ಲುಗಳೂ ಮೇಲೆ ಬಂದಾವು ಎಂಬ ಲೆಕ್ಕಾಚಾರ. ಬೇಕರಿಯವನ ಒಲೆ, ತಟ್ಟೆ, ಗಾಜಿನ ಕಪಾಟು ಎಲ್ಲವನ್ನೂ ಲಾರಿ ಮಾವ ಎರಡು ಸಲಕ್ಕೆ ಸಾಗಿಸಿದ. ‘ಸಮತಟ್ಟಿನಿಂದ ಸಮತಟ್ಟಿಗೆ. ಮೊದಲನೇ ಗೇರು. ಎಂಜಿನ್ ಕಾದ ಕಾರಣ ನಾಲ್ಕನೇ ತಿರುವಿನಲ್ಲಿ ಅರ್ಧ ಗಂಟೆ ನಿಲುಗಡೆ.’

ಇಷ್ಟಾಗುವಾಗ ಅರವತ್ತು ದಿನ ಕಳೆದಿತ್ತು.

ಫಲಿತಾಂಶ ಕಣ್ಣಿಗೆ ಹೊಡೆಯುವಂತಿತ್ತು. ಆಸ್ಪತ್ರೆ ನಿಲ್ದಾಣ ಈಗ ಒಂಬತ್ತಕ್ಕಲ್ಲ, ಎಂಟಕ್ಕೇ ಖಾಲಿಯಾಗುತ್ತಿತ್ತು. ಜನ ಬೇಕರಿಗೆ ಬಂದು, ಬಿಸಿ ಬನ್ನು ಕೊಂಡು, ಬೆಂಚಿನ ಮೇಲೆ ಕೂತು ಅರ್ಧ ತಿಂದು, ಇನ್ನರ್ಧ ಬಾಯಲ್ಲಿ ಕಚ್ಚಿಕೊಂಡು ಸೈಕಲ್ಲು ಹತ್ತಿ ಜರ್ರನೆ ಇಳಿದುಹೋಗುತ್ತಿದ್ದರು. ಇಳಿದವು ಇಪ್ಪತ್ತೆರಡು. ಏರಿದವು ಸೊನ್ನೆ. ಎಣಿಕೆಯಕ್ಕನ ಯಂತ್ರಕ್ಕೆ ಸೊನ್ನೆಯನ್ನು ಒತ್ತಿ ತೋರಿಸುವ ಗುಂಡಿ ಇರಲಿಲ್ಲ. ಅವಳು ಮಧ್ಯಾಹ್ನವಿಡೀ ಹೆಬ್ಬೆರಳನ್ನು ಸುಮ್ಮನೆ ಯಂತ್ರದ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಎಂದು ಒಮ್ಮೆ ವರದಿಯಲ್ಲಿ ಬರೆದದ್ದನ್ನು ಟೈಪಿಸ್ಟು ‘ಎತ್ತು ಮುಂದಕ್ಕೆಳೀತು’ ಎಂದು ತಿದ್ದಿ ಕಳಿಸಿದ. ಅವನಿಗೂ ಹೆಂಡತಿ ಮಕ್ಕಳಿದ್ದರು.

ಎಪ್ಪತ್ತೊಂದನೆಯ ದಿನ ಅತ್ತೆ ಮಾರುಕಟ್ಟೆಗೆ ಹೋದರು.

ವಾರಕ್ಕೊಮ್ಮೆ ಅವರು ಮೆಲ್ಲಗೆ ನಡೆದು ಇಳಿದು, ತರಕಾರಿ ಕೊಂಡು, ಬರುವಾಗ ಲಾರಿಯಲ್ಲಿ ಡ್ರೈವರಿನ ಪಕ್ಕ ಕೂತು ಬರುವುದು ರೂಢಿ. ಅಂದು ಆ ಸೀಟಿನ ಮೇಲೆ ಟೈರು ಕೂತಿತ್ತು.

“ಸ್ಟೆಪ್ನಿ ಅಮ್ಮಾ, ಹಿಂದೆ ಕಟ್ಟೋ ಕೊಂಡಿ ಮುರಿದಿದೆ” ಎಂದ ಲಾರಿ ಮಾವ. “ಇವತ್ತೊಂದು ದಿನ ಹಿಂದೆ ಕೂತ್ಕೊಂಡ್ಬಿಡಿ. ಸೈಕಲ್ಲು ಹತ್ತಿಸೋ ಹಲಗೆ ಇದೆ, ಹಿಡ್ಕೊಂಡು ಹತ್ತಿಸ್ತೀನಿ.”

“ಹಿಂದೆ ಎಲ್ಲಿ ಕೂರ್ಲಪ್ಪ, ಬರೀ ಸೈಕಲ್ಲು.”

“ಅದರ ಮೇಲೇ ಕೂತ್ಕೊಳ್ಳಿ. ಹಗ್ಗ ಬಿಗಿದಿದ್ದೀನಿ, ಅಲುಗಲ್ಲ. ಬೀಸೋ ಕಲ್ಲಿನ ಮೇಲೆ ಕೂತ ಹಾಗೆ.”

ಅತ್ತೆ ಹತ್ತಿದರು. ಮುಂದಿನ ಸಾಲಿನ ಮೂರನೆಯ ಸೈಕಲ್ಲಿನ ಮೇಲೆ, ಬುಟ್ಟಿಯಲ್ಲಿ ಬೀನ್ಸು ಇಟ್ಟುಕೊಂಡು, ಕೂತರು. ಕೂತವರಿಗೆ ಒಂದು ಯೋಚನೆ ಬಂತು. ಲಾರಿಯ ಮುಂದೆ ಕೂತರೆ ಅದು ಡ್ರೈವರಿನ ವಿಶ್ವಾಸ. ಸೈಕಲ್ಲಿನ ಮೇಲೆ ಕೂತರೆ ಅದು ಸರ್ಕಾರದ ಸೈಕಲ್ಲು. ಜೀವಮಾನದಲ್ಲಿ ಟಿಕೆಟ್ಟಿಲ್ಲದೆ ಯಾವ ವಾಹನವನ್ನೂ ಹತ್ತಿದವರಲ್ಲ ಅವರು. ಹಿರಿಯ ನಾಗರಿಕರಿಗೆಂದು ಕೊಟ್ಟಿದ್ದ ಕಾರ್ಡು ಪರ್ಸಿನಲ್ಲಿ ಎರಡು ವರ್ಷದಿಂದ ಹಾಗೇ ಬಿದ್ದಿತ್ತು. ತೆಗೆದು ಸೈಕಲ್ಲಿಗೆ ತೋರಿಸಿದರು. ಸೈಕಲ್ಲು ಕುಂಯ್ ಎಂದಿತು. ಬೀಗ ತೆರೆಯಿತು. ಲಾರಿ ಹೊರಟಿತು. ಮೇಲೆ ಬಂದು ಇಳಿಯುವಾಗ ಬೀಗ ಒತ್ತಿ, “ತಗೋಪ್ಪಾ, ನಿನ್ನ ಋಣ ಮುಗೀತು” ಎಂದು ಸೀಟನ್ನು ತಟ್ಟಿ ಮನೆಗೆ ಹೋದರು.

ಮಾರನೆಯ ದಿನ ಕಂಪ್ಯೂಟರು ಒಂದು ಸಾಲು ತೋರಿಸಿತು. ಮಾರುಕಟ್ಟೆಯಿಂದ ಆಸ್ಪತ್ರೆಗೆ, ಒಂದು ಸೈಕಲ್ಲು, ಸವಾರರು ಒಬ್ಬರು, ಮಹಿಳೆ, ವಯಸ್ಸು ಅರವತ್ತೆಂಟು, ಹತ್ತು ನಿಮಿಷ.

ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಕಚೇರಿ ಅದು. ಮಧ್ಯಾಹ್ನದೊಳಗೆ ಆ ವೃದ್ಧೆ ಒಂದೇ ಕೈಯಲ್ಲಿ ಸೈಕಲ್ಲು ಓಡಿಸಿದರೆಂದೂ, ಇನ್ನೊಂದು ಕೈಯಲ್ಲಿ ಮೊಮ್ಮಗು ಇತ್ತೆಂದೂ ಸುದ್ದಿಯಾಯಿತು. ಎಂಜಿನಿಯರು ಎಲ್ಲರ ಮೇಜಿಗೂ ಹೋಗಿ ಬಂದರು. “ಹೇಳಿದ್ನಲ್ಲ? ಬೆಂಚು ಹಾಕಿದ್ದಕ್ಕೆ ಬಂತು. ಬೆಂಚಿನ ಪ್ರಭಾವ!” ಸಾಹೇಬರು ಆ ಮಹಿಳೆಗೆ ಶಾಲು ಹೊದಿಸಬೇಕೆಂದು ಹುಡುಕಲು ಹೇಳಿದರು. ಹುಡುಕುವ ಕೆಲಸ ಎಣಿಕೆಯಕ್ಕನಿಗೇ ಬಂತು. ಅವಳು ಕಾರ್ಡಿನ ನಂಬರು ನೋಡಿದಳು. ಅದನ್ನು ಮಾಡಿಸಿದ್ದು ಅವಳೇ.

“ಅತ್ತೆ, ಏನು ಮಾಡಿದ್ರಿ ನೀವು?”

“ಏನು ಮಾಡ್ದೆ? ಬಿಟ್ಟಿ ಹತ್ತಬಾರದು ಅಂತ ಕಾರ್ಡು ತೋರಿಸ್ದೆ.”

“ಕಂಪ್ಯೂಟರಿನಲ್ಲಿ ನೀವು ಏರು ಹತ್ತಿದ ಹಾಗೆ ಬಂದಿದೆ.”

“ಸೈಕಲ್ಲಿನ ಮೇಲೆ ಕೂತಿದ್ದೆ. ಸೈಕಲ್ಲು ಮೇಲೆ ಬಂತು. ನಾನೂ ಬಂದೆ. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸು.”

ಎಣಿಕೆಯಕ್ಕ ಬಹಳ ಹೊತ್ತು ಹುಡುಕಿದಳು. ಸಿಗಲಿಲ್ಲ. ಆದರೂ ಅವಳ ಹೆಬ್ಬೆರಳು ಒಪ್ಪಲಿಲ್ಲ. ತಾನು ಕಣ್ಣಾರೆ ಕಾಣದ್ದನ್ನು ಅವಳು ಈ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಖಾಯಂ ಆಗುವುದಾದರೆ ಆ ಪದ್ಧತಿ ಬಿಟ್ಟು ಆಗುವುದು ಬೇಡವೆನ್ನಿಸಿತು. ಬೆಳಿಗ್ಗೆ ನೇರ ಸಾಹೇಬರ ಕೋಣೆಗೆ ಹೋಗಿ, ಬಾಗಿಲು ಹಾಕಿ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಹೇಳುವಾಗ ಸ್ಟೂಲು, ಹುದ್ದೆ, ಕಾಯಿಲೆ ಬೀಳುವ ಹಕ್ಕು ಎಲ್ಲವೂ ಏಳು ತಿರುವು ಉರುಳಿ ಹೋಗುತ್ತಿರುವುದು ಅವಳಿಗೆ ಕಾಣುತ್ತಿತ್ತು.

ಸಾಹೇಬರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಒರೆಸಿದರು. ಕಡೆಗೆ ಕೇಳಿದರು: “ನಿಮ್ಮ ಅತ್ತೆಯವರು ಕೂತಿದ್ದು ಸೀಟಿನ ಮೇಲೋ, ಕ್ಯಾರಿಯರ್ ಮೇಲೋ?”

“ಸೀಟಿನ ಮೇಲೆ ಸಾರ್.”

“ಹ್ಯಾಂಡಲ್?”

“ಹಿಡಿದಿದ್ರಂತೆ. ತಿರುವಿನಲ್ಲಿ ಭಯವಾಗಿ.”

ಸಾಹೇಬರ ಮುಖದ ಮೇಲೆ ಬೆಳಕು ಬಂತು. ಕಾನೂನು ಸಲಹೆಗಾರರಿಗೆ ಫೈಲು ಹೋಯಿತು. ಅವರು ನಾಲ್ಕು ದಿನ ಓದಿ ಅಭಿಪ್ರಾಯ ಕಳಿಸಿದರು. ‘ಯೋಜನೆಯ ನಿಯಮ ಮೂರರ ಪ್ರಕಾರ, ಸವಾರರು ಎಂದರೆ ಬೀಗ ತೆರೆದ ಹಂಚಿಕೆ ಸೈಕಲ್ಲಿನ ಸೀಟಿನ ಮೇಲೆ ಕುಳಿತು, ಹ್ಯಾಂಡಲ್ ಹಿಡಿದು, ಪೆಡಲ್ ತುಳಿಯುತ್ತಾ ಒಂದು ನಿಲ್ದಾಣದಿಂದ ಇನ್ನೊಂದು ನಿಲ್ದಾಣವನ್ನು ತಲುಪುವ ವ್ಯಕ್ತಿ. ಸದರಿ ಸೈಕಲ್ಲಿನ ಚಕ್ರವು ನೆಲವನ್ನು ತಾಕಿರತಕ್ಕದ್ದೆಂದು ನಿಯಮದಲ್ಲಿ ಎಲ್ಲಿಯೂ ಹೇಳಿರುವುದಿಲ್ಲ. ಆದರೆ ಪೆಡಲ್ ತುಳಿಯುವುದು ಕಡ್ಡಾಯ.’

“ಅತ್ತೆ ತುಳಿದಿಲ್ಲವಲ್ಲ ಸಾರ್” ಎಂದಳು ಎಣಿಕೆಯಕ್ಕ.

“ಮೊದಲನೇ ಸಲ, ಕ್ಷಮಿಸೋಣ” ಎಂದರು ಸಾಹೇಬರು. “ಮುಂದಿನ ಸಲ ತುಳೀಲಿ.”

ಹೊಸ ಸುತ್ತೋಲೆ ಎರಡೂ ನಿಲ್ದಾಣಗಳಲ್ಲಿ ಅಂಟಿತು. ಮಧ್ಯಾಹ್ನ ಮೂರಕ್ಕೆ ಮಾರುಕಟ್ಟೆಯಿಂದ ಹೊರಡುವ ಸವಾರರು ತಮ್ಮ ತಮ್ಮ ಸೈಕಲ್ಲುಗಳನ್ನು ಲಾರಿಯ ಮೇಲೆಯೇ ಏರತಕ್ಕದ್ದು. ಲಾರಿ ಚಲಿಸುತ್ತಿರುವಷ್ಟು ಹೊತ್ತೂ ತುಳಿಯತಕ್ಕದ್ದು. ತಿರುವುಗಳಲ್ಲಿ ಗಂಟೆ ಬಾರಿಸತಕ್ಕದ್ದು. ಮುಂದಿನ ಸೈಕಲ್ಲನ್ನು ಹಿಂದಿಕ್ಕಲು ಪ್ರಯತ್ನಿಸಕೂಡದು. ಸವಾರರಿಗೆ ತುಳಿಯಲು ಅನುಕೂಲವಾಗಲೆಂದು ಹಿಂದಿನ ಚಕ್ರಗಳು ಹಲಗೆಗೆ ತಾಕದಂತೆ ಮರದ ಅಡ್ಡೆಗಳನ್ನು ಬಡಿದು ಎತ್ತರಿಸಲಾಯಿತು. ಲಾರಿ ಮಾವನಿಗೆ ಮಾತ್ರ ಒಂದು ಚಿಂತೆ.

“ಸೈಕಲ್ಲೆಲ್ಲ ಸವಾರರ ಜೊತೆ ತಾವೇ ಹೋಗ್ತಾ ಇದ್ರೆ, ನನ್ನ ಲಾರಿ ಯಾಕೆ ಹೋಗ್ತಿದೆ ಅಂತ ಪುಸ್ತಕದಲ್ಲಿ ಬರೀಲಿ ಅಕ್ಕಾ?”

ಎಣಿಕೆಯಕ್ಕ ಯೋಚಿಸಿದಳು. “ಬೆಂಗಾವಲು ಅಂತ ಬರಿ ಮಾವ.”

ಅವನು ಹಾಗೇ ಬರೆದ. ಸಾಹೇಬರು ಓದಿ, ಒಳ್ಳೆಯ ಪದವೆಂದು ಷರಾ ಹಾಕಿದರು.

ಜನ ಮೊದಲು ನಕ್ಕರು. ಆಮೇಲೆ ಬಿಸಿಲು ನೋಡಿದರು, ಏಳು ತಿರುವು ನೋಡಿದರು, ಹತ್ತಿದರು. ಎಂಬತ್ತನೆಯ ದಿನ ಐದು, ಎಂಬತ್ತೈದನೆಯ ದಿನ ಹದಿಮೂರು. ಪಾಳಿ ಬದಲಿಸಲು ಮೇಲೆ ಬರುವ ದಾದಿಯರು, ರೋಗಿಗಳಿಗೆ ಬುತ್ತಿ ತರುವವರು, ಮೊದಲು ನಾಲ್ಕು ಕಡೆ ಕೂತು ಬರುತ್ತಿದ್ದವರು, ಈಗ ಒಂದೇ ಕಡೆ ಕೂತು ತುಳಿಯುತ್ತಾ ಬಂದರು. ಒಬ್ಬ ಮೇಷ್ಟರು ಕಾಲು ನೋವಿದೆಯೆಂದು ತುಳಿಯದೆ ಕೂತದ್ದಕ್ಕೆ ಪಕ್ಕದ ದಾದಿ, “ಏನ್ ಸಾರ್, ನಾವೆಲ್ಲ ಬೆವರು ಸುರಿಸ್ತಿದ್ದೀವಿ, ನೀವು ಬಿಟ್ಟಿ ಸವಾರಿನಾ?” ಎಂದು ಛೇಡಿಸಿದಳು. ಮೇಷ್ಟರು ನಾಚಿ ತುಳಿದರು. ಎಣಿಕೆಯಕ್ಕ ಆಸ್ಪತ್ರೆ ನಿಲ್ದಾಣದಲ್ಲಿ ಕೂತು, ಕಣ್ಣಾರೆ ಕಂಡು, ಒಬ್ಬೊಬ್ಬರನ್ನೂ ಒತ್ತಿದಳು. ಹೆಬ್ಬೆರಳು ಈಗ ತಕರಾರು ಮಾಡಲಿಲ್ಲ. ಸವಾರರು ಇದ್ದರು, ಸೈಕಲ್ಲು ಇತ್ತು, ಬೆವರೂ ಇತ್ತು.

ತೊಂಬತ್ತನೆಯ ದಿನ ಬೆಳಿಗ್ಗೆ ಇಪ್ಪತ್ತೆರಡು ಇಳಿದವು. ಮಧ್ಯಾಹ್ನ ಅವಳೇ ಮಾರುಕಟ್ಟೆಗೆ ಹೋಗಿ ನಿಂತಳು. ಎರಡೂಮುಕ್ಕಾಲಿಗೆ ಹದಿನೆಂಟು ಜನ ಹತ್ತಿದ್ದರು. ಅತ್ತೆ ಬುಟ್ಟಿಯೊಂದಿಗೆ ಬಂದರು, ಹತ್ತೊಂಬತ್ತು. ಮೂರಕ್ಕೆ ಐದು ನಿಮಿಷವಿರುವಾಗ ಸಾಹೇಬರೂ ಎಂಜಿನಿಯರೂ ಪ್ಯಾಂಟಿನ ಅಂಚು ಮಡಚಿಕೊಂಡು ಬಂದು ಹತ್ತಿದರು. ಇಪ್ಪತ್ತೊಂದು. ಹಿಂದಿನ ಸಾಲಿನ ಮೂಲೆಯ ಸೈಕಲ್ಲು ಖಾಲಿ ಉಳಿಯಿತು.

ಲಾರಿ ಮಾವ ಎಂಜಿನ್ ಶುರು ಮಾಡಿ, ಆರಿಸಿ, ಮತ್ತೆ ಶುರು ಮಾಡಿದ. ರಸ್ತೆಯ ಎರಡೂ ತುದಿ ನೋಡಿದರೂ ಯಾರೂ ಬರಲಿಲ್ಲ.

“ಹತ್ತಿ” ಎಂದರು ಸಾಹೇಬರು ಮೇಲಿನಿಂದ.

“ನಾನು ಎಣಿಸೋಳು ಸಾರ್.”

“ಎಣಿಸೋರು ತಮ್ಮನ್ನು ತಾವು ಎಣಿಸಿಕೊಳ್ಳಬಾರದು ಅಂತ ನಿಯಮ ಇದೆಯಾ?”

ಹನ್ನೊಂದು ವರ್ಷದ ನಿಯಮಗಳನ್ನು ಅವಳು ಮನಸ್ಸಿನಲ್ಲೇ ತಿರುವಿದಳು. ದೀಪಗಳ ಮಟ್ಟಿಗೆ, ನಾಯಿಗಳ ಮಟ್ಟಿಗೆ ಆ ಪ್ರಶ್ನೆ ಎದ್ದಿರಲೇ ಇಲ್ಲ. “ಇಲ್ಲ ಸಾರ್.”

“ಮತ್ತೆ?”

ಹಲಗೆ ಹಿಡಿದು ಹತ್ತಿದಳು. ಕಾರ್ಡು ತೋರಿಸಿದಳು. ಸೈಕಲ್ಲು ಕುಂಯ್ ಎಂದಿತು. ಸೆರಗು ಸಿಕ್ಕಿಸಿ, ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದರ ಹೆಬ್ಬೆರಳಿನಿಂದ ತನ್ನನ್ನು ತಾನು ಒತ್ತಿಕೊಂಡಳು. ಟಿಕ್. ಲಾರಿ ಹೊರಟಿತು. ಇಪ್ಪತ್ತೆರಡು ಜೊತೆ ಕಾಲುಗಳು ತಿರುಗಿದವು. ಮೊದಲ ತಿರುವಿನಲ್ಲಿ ಎಲ್ಲರೂ ಗಂಟೆ ಬಾರಿಸಿದರು.

ಎರಡನೆಯ ತಿರುವಿನ ಬಳಿ ಸಾಹೇಬರು ಜೇಬಿನಿಂದ ಒಂದು ಹಾಳೆ ತೆಗೆದು ಹ್ಯಾಂಡಲ್ ಮೇಲೆ ಹರಡಿದರು. ಖಾಯಂ ಆದೇಶ. ಕಚೇರಿ ಐದಕ್ಕೆ ಮುಚ್ಚುವುದರಿಂದ ದಾರಿಯಲ್ಲೇ ಸಹಿ ಮಾಡಿಬಿಡುವುದು ಒಳ್ಳೆಯದೆಂದರು. ಎರಡೂ ಕೈ ಬಿಡುವುದು ನಿಯಮಕ್ಕೆ ವಿರುದ್ಧವಾದ್ದರಿಂದ ಪಕ್ಕದ ಸೈಕಲ್ಲಿನ ಎಂಜಿನಿಯರು ಅವರ ಹ್ಯಾಂಡಲ್ ಹಿಡಿದುಕೊಂಡರು. ಸಹಿ ನಡುಗಿತು, ಕೊನೆಯ ಅಕ್ಷರ ಹಾಳೆಯ ಅಂಚಿನವರೆಗೆ ಎಳೆದು ಹೋಯಿತು. ಹಾಳೆ ಕೈಯಿಂದ ಕೈಗೆ, ಮೇಷ್ಟರಿಂದ ದಾದಿಗೆ, ದಾದಿಯಿಂದ ಬುತ್ತಿಯವರಿಗೆ ದಾಟುತ್ತಾ ಹಿಂದಿನ ಮೂಲೆಗೆ ಬಂತು. ಅವಳು ಅದನ್ನು ಓದಲಿಲ್ಲ. ಮಡಚಿ ರವಿಕೆಯೊಳಗೆ ಸೇರಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದಳು.

ನಾಲ್ಕನೆಯ ತಿರುವಿನಲ್ಲಿ ಲಾರಿ ಗೊರಗೊರ ಎಂದು ಮೊದಲನೇ ಗೇರಿಗೆ ಇಳಿಯಿತು. ಮುಂದಿನ ಸಾಲಿನಿಂದ ಅತ್ತೆ ಕತ್ತು ತಿರುಗಿಸಿ ಕೂಗಿದರು:

“ಸ್ವಲ್ಪ ಜೋರಾಗಿ ತುಳಿಯೇ, ಏರು ಬಂತು!”

“ಏರಲ್ಲ ಅಮ್ಮಾ” ಎಂದರು ಎಂಜಿನಿಯರು ಹಣೆಯ ಬೆವರು ಒರೆಸುತ್ತಾ, “ಎದುರುಗಾಳಿ.”

ಇಪ್ಪತ್ತೆರಡು ಜನರೂ ತಲೆ ತಗ್ಗಿಸಿ ಜೋರಾಗಿ ತುಳಿದರು.